ಯೂಟಾದ ಹುಡುಗನೂ ಸಂಘದ ರಸೀದಿ ಪುಸ್ತಕವೂ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನವೆಂಬರ್ ತಿಂಗಳಲ್ಲಿ ರಾಜ್ಯೋತ್ಸವ ಆಗಬೇಕಾದರೆ ಅಕ್ಟೋಬರ್ ಬಿಸಿಲಲ್ಲಿ ಯಾರಾದರೂ ಮನೆ ಮನೆ ಬಾಗಿಲು ತಟ್ಟಬೇಕು. ಹಾಲ್‌ಗೆ ಬಾಡಿಗೆ, ಮೈಕಿನವನಿಗೆ ಅಡ್ವಾನ್ಸು, ಊಟಕ್ಕೆ ಬಿಸಿಬೇಳೆಬಾತು, ಮಕ್ಕಳ ಕೋಲಾಟಕ್ಕೆ ಕೋಲು. ಎಲ್ಲವೂ ಆ ರಸೀದಿ ಪುಸ್ತಕದಿಂದಲೇ ಹುಟ್ಟಬೇಕು. ನಮ್ಮ ಕನ್ನಡ ಸಂಘದಲ್ಲಿ ಸ್ವಾಗತ ಭಾಷಣಕ್ಕೆ ಪೈಪೋಟಿ ಇದೆ, ವಂದನಾರ್ಪಣೆಗೆ ಜಗಳವೇ ಆಗಿದೆ. ರಸೀದಿ ಪುಸ್ತಕ ಮೇಜಿನ ಮೇಲೆ ಬಂದ ಕೂಡಲೇ ಮಾತ್ರ ಕಾರ್ಯಕಾರಿ ಸಮಿತಿಯಲ್ಲಿ ಎಲ್ಲರಿಗೂ ಮಂಡಿನೋವು.

ಈ ಕೆಲಸದ ಕಷ್ಟ ತಿಳಿಯದವರು 'ಕನ್ನಡದವರ ಮನೆಗೆ ಹೋದ್ರಾಯ್ತಪ್ಪ' ಅನ್ನುತ್ತಾರೆ. ಯಾವುದು ಕನ್ನಡದವರ ಮನೆ? ಬಿಲ್ಡಿಂಗಿನ ಕೆಳಗೆ ನೇತುಹಾಕಿದ ನಾಮಫಲಕ ನೋಡಿ ಹೇಳಬೇಕು. ಕುಲಕರ್ಣಿ, ಜೋಶಿ, ದೇಶಪಾಂಡೆ, ಪಾಟೀಲ. ಇವರು ಧಾರವಾಡದವರೋ ಸಾತಾರಾದವರೋ ಆ ದೇವರಿಗೇ ಗೊತ್ತು. ಶೆಟ್ಟಿ ಅಂತಿದ್ದರೆ ಅನುಮಾನವಿಲ್ಲ, ಆದರೆ ಅವರು ಈಗಾಗಲೇ ಊರಿನ ದೇವಸ್ಥಾನದ ಬ್ರಹ್ಮಕಲಶಕ್ಕೆ, ಯಕ್ಷಗಾನಕ್ಕೆ, ಜಾತಿ ಸಂಘಕ್ಕೆ ಕೊಟ್ಟು ಸುಸ್ತಾಗಿರುತ್ತಾರೆ. 'ರಾವ್' ಅಂತಿದ್ದರೆ ತೆಲುಗರೂ ಆಗಬಹುದು. ಬೆಲ್ ಒತ್ತಿದ ಮೇಲೆ ಒಳಗಿನಿಂದ 'ಕೋಣ್ ಆಹೆ?' ಅಂತ ಕೇಳಿದರೋ 'ಯಾರದು?' ಅಂತ ಕೇಳಿದರೋ ಎಂಬ ಆ ಎರಡು ಸೆಕೆಂಡಿನ ಕಾತರ ನನ್ನ ಹತ್ತನೇ ಕ್ಲಾಸಿನ ರಿಸಲ್ಟಿನ ದಿನವೂ ಇರಲಿಲ್ಲ.

ನನ್ನ ಜೊತೆ ಬರಬೇಕಿದ್ದ ಖಜಾಂಚಿಯವರ ಹೆಂಡತಿಗೂ ಸರಿಯಾಗಿ ಶನಿವಾರ ಬೆಳಗ್ಗೆಯೇ ಮಂಡಿನೋವು ಬಂತು. ಅದೇ ದಿನ ನಮ್ಮನೆಗೆ ಊಟಕ್ಕೆ ಬಂದವನು ಯೂಟಾದ ಹುಡುಗ.

ಇವನು ಅಮೆರಿಕದ ಯೂಟಾ ರಾಜ್ಯದಿಂದ ನಮ್ಮ ಐರೋಲಿ ಆಫೀಸಿಗೆ ಒಂದು ಪ್ರಾಜೆಕ್ಟಿನ ಸಲುವಾಗಿ ಬಂದಿದ್ದವನು. ಮಾರ್ಮನ್ ಎಂಬ ಕ್ರೈಸ್ತ ಪಂಥದವನು. ಆ ಅಡ್ಡಹೆಸರು ಬೇಡ, ಪೂರ್ತಿ ಹೆಸರನ್ನೇ ಬಳಸಿ ಎಂದು 2018ರಲ್ಲಿ ಅವರ ಚರ್ಚಿನ ಅಧ್ಯಕ್ಷರು ಎಲ್ಲರಿಗೂ ಹೇಳಿದ್ದಾರೆ. ಪೂರ್ತಿ ಹೆಸರು 'ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್'. ಠಾಣೆಯಲ್ಲಿ ಫಾಸ್ಟ್ ಲೋಕಲ್ ಹತ್ತುವಾಗ ಅಷ್ಟುದ್ದ ಹೇಳುತ್ತಾ ನಿಂತರೆ ಗಾಡಿ ಹೋಗಿರುತ್ತದೆ. ನಮ್ಮತ್ತೆ ಸುಲಭ ಮಾಡಿಕೊಂಡು 'ಯೂಟಾ' ಅಂದರು. ಅದೇ ಉಳಿಯಿತು.

ಅತ್ತೆ ಕೊಪ್ಪದ ಕಡೆಯವರು. ಕಾಫಿಪುಡಿ ಇಂದಿಗೂ ಊರಿಂದಲೇ ಬರಬೇಕು. ಯೂಟಾ ಸೋಫಾದಲ್ಲಿ ಕೂರುವ ಮೊದಲೇ ಸ್ಟೀಲ್ ಲೋಟದಲ್ಲಿ ನೊರೆ ಉಕ್ಕುವ ಕಾಫಿ ಬಂತು. ಅವನು ಕೈಮುಗಿದು, ತುಂಬಾ ವಿನಯದಿಂದ, ನಾವು ಕಾಫಿ ಕುಡಿಯುವುದಿಲ್ಲ ಅಂದ. ಅತ್ತೆಯ ಮುಖ ನೋಡಬೇಕಿತ್ತು. ಇಡೀ ಚಿಕ್ಕಮಗಳೂರು ಜಿಲ್ಲೆಗೆ ಅವಮಾನ ಆಗಿತ್ತು.

"ಎಂತಕ್ಕಂತೆ ಮಾರಾಯ್ತಿ? ಪಿತ್ತವಾ?"

ಧರ್ಮದ ನಿಯಮ ಅತ್ತೆ, ಟೀನೂ ಇಲ್ಲ, ಹೆಂಡ ಸಿಗರೇಟೂ ಇಲ್ಲ, 1833ರಲ್ಲಿ ಅವರ ಪ್ರವಾದಿ ಜೋಸೆಫ್ ಸ್ಮಿತ್‌ಗೆ ದೇವರಿಂದ ಅಪ್ಪಣೆ ಆಯ್ತಂತೆ ಅಂದೆ. ಅದರಲ್ಲಿ 'ಬಿಸಿ ಪಾನೀಯ' ಅಂತ ಮಾತ್ರ ಇದೆ, ಅಂದರೆ ಕಾಫಿ ಟೀ ಅಂತ ಆಮೇಲೆ ಅರ್ಥ ಹೇಳಿದ್ದಾರೆ ಎಂದು ಅವನೇ ವಿವರಿಸಿದ. ಅತ್ತೆ ತಕ್ಷಣ ಲೋಟ ಎತ್ತಿ ಫ್ಯಾನಿನ ಕೆಳಗಿಟ್ಟರು.

"ಅಷ್ಟೇನಾ? ಆರಿಸಿ ಕೊಡ್ತೆ."

ಕೊನೆಗೆ ಜೀರಿಗೆ ಕೊತ್ತಂಬರಿ ಕಷಾಯದಲ್ಲಿ ರಾಜಿಯಾಯಿತು. ಹೊಗೆಯಾಡುವ ಕಷಾಯವನ್ನು ಅವನು ಎರಡು ಲೋಟ ಕುಡಿದ. 'ಇದು ಬಿಸಿಯಲ್ವಂತಾ?' ಎಂದು ಅತ್ತೆ ನನ್ನ ಕಿವಿಯಲ್ಲಿ ಕೇಳಿದರು. ಧರ್ಮಸೂಕ್ಷ್ಮ, ಸುಮ್ಮನಿರಿ ಅಂದೆ. ಅವರು ಸುಮ್ಮನಿರುವವರೇ? ಉಪವಾಸಗಿಪವಾಸ ಇದೆಯಾ ಕೇಳು ಅಂದರು. ಇದೆ, ಪ್ರತಿ ತಿಂಗಳ ಮೊದಲ ಭಾನುವಾರ, ಎರಡು ಹೊತ್ತು, ನೀರೂ ಇಲ್ಲ, ಉಳಿದ ಊಟದ ದುಡ್ಡು ಬಡವರಿಗೆ. ನಿಮ್ಮ ಏಕಾದಶಿಗೆ ಏನು ತಿನ್ನುವುದಿಲ್ಲ ಎಂದು ಅವನು ಶ್ರದ್ಧೆಯಿಂದ ಕೇಳಿದ. ಅತ್ತೆ ಅನ್ನ ಮುಟ್ಟುವುದಿಲ್ಲ, ಖರೆ. ಸಾಬುದಾನಾ ಖಿಚಡಿ, ಆಲೂಗಡ್ಡೆ ಪಲ್ಯ, ಶೇಂಗಾ ಉಂಡೆ, ಬಾಳೆಹಣ್ಣು ಮತ್ತು ಮೂರು ಸಲ ಕಾಫಿ ಇರುತ್ತದೆ. ಈ ಪಟ್ಟಿಯನ್ನು ನಾನು ಇಂಗ್ಲಿಷ್‌ಗೆ ತರುವ ಮೊದಲೇ ಅತ್ತೆ ಪಾತ್ರೆ ತೊಳೆಯಲು ಎದ್ದು ಹೋದರು.

ಆಗ ಅವನ ಕಣ್ಣು ಟೀಪಾಯಿ ಮೇಲಿದ್ದ ರಸೀದಿ ಪುಸ್ತಕದ ಮೇಲೆ ಬಿತ್ತು. ಏನಿದು ಅಂದ. ಹೇಳಿದೆ. ಗುರುತಿಲ್ಲದವರ ಮನೆ ಬಾಗಿಲು ತಟ್ಟುವುದೇ, ಎಂದು ಕೇಳುವಾಗ ಅವನ ಮುಖ ತವರಿಂದ ಫೋನ್ ಬಂದಷ್ಟು ಅರಳಿತು. ನಾನೂ ಬರ್ತೇನೆ, ಧರ್ಮದ ಮಾತು ಒಂದಕ್ಷರ ಆಡುವುದಿಲ್ಲ, ನನ್ನ ವೀಸಾ ಇರುವುದು ಸಾಫ್ಟ್‌ವೇರಿಗೆ, ಸುಮ್ಮನೆ ಜೊತೆಗೆ ನಿಲ್ಲುತ್ತೇನೆ ಅಂದ. ಎರಡು ವರ್ಷ ಇದನ್ನೇ ಮಾಡಿದ್ದಾನಂತೆ, ಫಿನ್‌ಲೆಂಡಿನಲ್ಲಿ.

ಅವರಲ್ಲಿ ಹುಡುಗರು ಹದಿಹರೆಯ ಮುಗಿಯುವ ಹೊತ್ತಿಗೆ ಎರಡು ವರ್ಷ ಧರ್ಮಪ್ರಚಾರಕ್ಕೆ ಹೋಗುತ್ತಾರೆ. ಮೊದಲು 19 ತುಂಬಬೇಕಿತ್ತು, 2012ರ ಅಕ್ಟೋಬರಿನಲ್ಲಿ 18ಕ್ಕಿಳಿಸಿದರು. ಇವನು ಮರುವರ್ಷವೇ ಹೊರಟ. ಎಲ್ಲಿಗೆ ಎಂದು ನಿರ್ಧರಿಸುವುದು ಚರ್ಚು, ಖರ್ಚು ಮಾತ್ರ ಮನೆಯವರದು. ಆಗ ತಿಂಗಳಿಗೆ 400 ಡಾಲರ್. ಐಸ್‌ಕ್ರೀಂ ಅಂಗಡಿಯಲ್ಲಿ ದುಡಿದು ಕೂಡಿಟ್ಟಿದ್ದನಂತೆ. ಅಂದರೆ ಜನ ಮುಖಕ್ಕೆ ಬಾಗಿಲು ಹಾಕಲಿ ಎಂದು ಇವನೇ ಕೈಯಿಂದ ದುಡ್ಡು ಕೊಟ್ಟು ಹೋಗಿದ್ದ. ನಮ್ಮ ಸಮಿತಿಗೆ ಈ ಮಾತು ಇನ್ನೂ ಹೇಳಿಲ್ಲ. ಕೇಳಿದರೆ ಮಂಡಿಯ ಜೊತೆ ಎದೆಯೂ ನೋಯಬಹುದು.

ಮೊದಲನೇ ಬಿಲ್ಡಿಂಗಿನಲ್ಲೇ ಕಂಡಿತು, ಇವನು ಪಳಗಿದ ಕೈ. ಲಿಫ್ಟಿನಲ್ಲಿ ನೇರ ಮೇಲಿನ ಮಾಳಿಗೆಗೆ ಹೋಗಿ ಇಳಿಯುತ್ತಾ ಬಾ ಅಂದ. ಬೆಲ್ ಒತ್ತಿ ಎರಡು ಹೆಜ್ಜೆ ಹಿಂದೆ ನಿಲ್ಲಬೇಕು, ಒಳಗಿನವರಿಗೆ ಪೂರ್ತಿ ಆಸಾಮಿ ಕಾಣಬೇಕು. ಎರಡನೇ ಸಲ ಬೆಲ್ ಒತ್ತುವಂತಿಲ್ಲ. ಬಾಗಿಲು ಮುಚ್ಚಿದರೆ ಮುಚ್ಚಿದ ಬಾಗಿಲಿಗೇ ಥ್ಯಾಂಕ್ಸ್ ಹೇಳಿ ಮುಂದಿನ ಬಾಗಿಲು. ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಬರೆದುಕೊಂಡ: 'ಬಿ ವಿಂಗ್, ನಾಲ್ಕನೇ ಮಾಳಿಗೆ, ನಾಯಿ. ಗಂಡ ಏಳಕ್ಕೆ ಬರ್ತಾರೆ.' ವಾಚ್‌ಮನ್‌ನ ರಿಜಿಸ್ಟರಿನಲ್ಲಿ 'ಕಾರಣ' ಎಂಬ ಕಾಲಮ್ಮಿನೆದುರು ಏನು ಬರೆಯಲಿ ಎಂದು ನಾನು ಯೋಚಿಸುತ್ತಿದ್ದೆ. ಬಿಳಿ ಅಂಗಿ, ಟೈ ನೋಡಿದ ವಾಚ್‌ಮನ್ ತಾನೇ 'ಬ್ಯಾಂಕ್' ಅಂತ ಬರೆದುಕೊಂಡ.

ಎರಡನೇ ಬಿಲ್ಡಿಂಗಿನಲ್ಲಿ ಸೊಸೈಟಿಯ ಸೆಕ್ರೆಟರಿ ಅಡ್ಡ ಬಂದರು. ಬಿಳಿಯ ಹುಡುಗ, ಟೈ, ಕೈಯಲ್ಲಿ ಪುಸ್ತಕ. ಮತಾಂತರಕ್ಕೆ ಬಂದಿದ್ದೀರಾ ಎಂದು ಗದರಿದರು. ಅಯ್ಯೋ ಇಲ್ಲ, ಇದು ನೋಡಿ ವಂತಿಗೆ ಪುಸ್ತಕ, ನಮ್ಮ ಕನ್ನಡ ಸಂಘದ್ದು, ನವೆಂಬರ್‌ನಲ್ಲಿ ಕರ್ನಾಟಕ ರಾಜ್ಯೋತ್ಸವ ಅಂದೆ. ಸೆಕ್ರೆಟರಿಯವರ ಹುಬ್ಬು ಕೆಳಗಿಳಿಯುವ ಬದಲು ಇನ್ನೂ ಮೇಲೇರಿತು. "ಅದಿರಲಿ, ಬೆಳಗಾವಿ ಯಾರದು?"

ಮತಾಂತರದ ಆರೋಪವೇ ವಾಸಿಯಿತ್ತು. ನಮ್ಮದು ಬರೀ ಕೋಲಾಟ, ಬಿಸಿಬೇಳೆಬಾತು ಕಾಕಾ, ಗಡಿಯ ವಿಷಯ ಸುಪ್ರೀಂ ಕೋರ್ಟಿನಲ್ಲಿದೆ ಎಂದು ಹೇಳಿ ಮೆಟ್ಟಿಲಿಳಿದೆ. ಯೂಟಾ ಹಿಂದಿನಿಂದ ಅವರಿಗೂ ಥ್ಯಾಂಕ್ಸ್ ಹೇಳಿ ಬಂದ.

ಸ್ಟೇಷನ್ ಹತ್ತಿರದ ರಸವಂತಿಯಲ್ಲಿ ಕಬ್ಬಿನ ಹಾಲು ಕುಡಿಯುತ್ತಾ, ಸಾಕು ಮಾರಾಯ, ಮನೆಗೆ ಹೋಗೋಣ ಅಂದೆ. ಆಗ ಅವನು ಫಿನ್‌ಲೆಂಡಿನ ಔಲು ಎಂಬ ಊರಿನ ಕಥೆ ಹೇಳಿದ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ನಾಲ್ಕು ಗಂಟೆಯೂ ಪೂರ್ತಿ ಇರುವುದಿಲ್ಲ. ಮಂಜುಗಡ್ಡೆ ಮೇಲೆ ಸೈಕಲ್. ನಮಗೆ ಏಳು ವಿಭಕ್ತಿಗೇ ಬೆತ್ತ ಮುರಿದಿತ್ತು, ಫಿನ್ನಿಶ್ ಭಾಷೆಗೆ ಹದಿನೈದು. ಬಾಗಿಲು ತೆಗೆದವರು ಸಭ್ಯವಾಗಿ ಬೇಡ ಅನ್ನುತ್ತಾರೆ, ಅಷ್ಟೇ ಸಭ್ಯವಾಗಿ ಮುಚ್ಚುತ್ತಾರೆ. ಅಪರೂಪಕ್ಕೆ ಒಬ್ಬರು ಒಳಗೆ ಕರೆದರೆ ಮೊದಲು ಕೊಡುವುದು ಕಾಫಿ. ಜಗತ್ತಿನಲ್ಲಿ ತಲಾ ಲೆಕ್ಕದಲ್ಲಿ ಅತಿ ಹೆಚ್ಚು ಕಾಫಿ ಕುಡಿಯುವವರಲ್ಲಿ ಫಿನ್‌ಲೆಂಡಿನವರೇ ಮುಂದು. ಕಾಫಿ ಕುಡಿಯದವರನ್ನು ಕಾಫಿ ಕುಡಿಯುವವರ ಮನೆಗೆ ಕಳಿಸಿದ ಚರ್ಚಿನ ಹಾಸ್ಯಪ್ರಜ್ಞೆ ನನಗಿಷ್ಟವಾಯಿತು. ಮನೆಗೆ ಫೋನ್ ಮಾಡಲು ಆಗ ವರ್ಷಕ್ಕೆ ಎರಡೇ ಸಲ ಅವಕಾಶ, ಕ್ರಿಸ್‌ಮಸ್‌ಗೆ ಮತ್ತು ಅಮ್ಮಂದಿರ ದಿನಕ್ಕೆ. ಉಳಿದಂತೆ ವಾರಕ್ಕೊಂದು ಇಮೇಲ್. ವಾರ ವಾರ ಮಾತಾಡಬಹುದು ಎಂದಾದದ್ದು 2019ರಲ್ಲಿ, ಇವನು ಮರಳಿ ಎಷ್ಟೋ ವರ್ಷದ ಮೇಲೆ.

ಒಂದು ಬೆಳಗ್ಗೆ ಹಾಸಿಗೆ ಬಿಟ್ಟು ಏಳಲಿಲ್ಲವಂತೆ. ದೇವರೂ ಬೇಡ, ಫಿನ್‌ಲೆಂಡೂ ಬೇಡ, ಟಿಕೆಟ್ ಮಾಡಿಸಿ ಅಂದನಂತೆ. ಅವರಲ್ಲಿ ಇಬ್ಬರಿಬ್ಬರ ಜೋಡಿ, ಒಬ್ಬರನ್ನೊಬ್ಬರು ಬಿಟ್ಟು ಹೋಗುವಂತಿಲ್ಲ. ಜೊತೆಯವನು ಅಮೆರಿಕದ ಐಡಹೋ ರಾಜ್ಯದ ರೈತರ ಹುಡುಗ, ಮಾತು ಕಮ್ಮಿ. ಬುದ್ಧಿ ಹೇಳಲಿಲ್ಲ, ಬೈಬಲ್ ತೆಗೆಯಲಿಲ್ಲ. ಕೋಟು, ಟೊಪ್ಪಿ, ಮಫ್ಲರ್, ಬೂಟು ಎಲ್ಲ ಹಾಕಿಕೊಂಡು ಎದುರಿನ ಕುರ್ಚಿಯಲ್ಲಿ ಕೂತ. ಒಳಗೆ ಹೀಟರು. ಹತ್ತು ನಿಮಿಷಕ್ಕೆ ಹುಡುಗನ ಹಣೆಯಿಂದ ಬೆವರು, ಅರ್ಧ ಗಂಟೆಗೆ ಮೂಗಿನ ತುದಿಯಿಂದ ತೊಟ್ಟು. ಕೋಟು ಮಾತ್ರ ಬಿಚ್ಚಲಿಲ್ಲ. ನೋಡಲಾರದೆ ಇವನು ಎದ್ದು ಬೂಟು ಹಾಕಿಕೊಂಡ.

"ಆಗ ನಂಬಿಕೆ ಬಂತಾ?"

ಇಲ್ಲ, ಆಗ ಬರೀ ಪಾಪ ಅನ್ನಿಸಿತು ಅಂದ. ನಂಬಿಕೆ ಯಾವಾಗ ಬಂತೋ ದಿನ ಗೊತ್ತಿಲ್ಲ. ಮಾರ್ಚ್ ಸುಮಾರಿಗೆ ಒಂದು ರಾತ್ರಿ ಪ್ರಾರ್ಥನೆ ಮಾಡುವಾಗ, ಮನೆಗೆ ಕಳಿಸು ಎಂದು ಕೇಳುವುದು ಮರೆತೇಹೋಗಿದೆ ಎಂದು ಗೊತ್ತಾಯಿತಂತೆ. ಬದಲಿಗೆ ಮೂರನೇ ಬೀದಿಯ ಅಜ್ಜಿಯ ಸೊಂಟನೋವು ವಾಸಿ ಮಾಡು ಎಂದು ಕೇಳುತ್ತಿದ್ದ. ಅಜ್ಜಿ ಎಂದೂ ಇವರ ಚರ್ಚಿಗೆ ಸೇರಲಿಲ್ಲ, ಮನೆಮುಂದಿನ ಹಿಮ ಮಾತ್ರ ಎತ್ತಿಸಿಕೊಂಡಳು. ಈಗಲೂ ಪ್ರತಿ ಕ್ರಿಸ್‌ಮಸ್‌ಗೆ ಕಾರ್ಡು ಬರುತ್ತದೆ.

ನಾನು ಮರುಮಾತಿಲ್ಲದೆ ರಸೀದಿ ಪುಸ್ತಕ ಎತ್ತಿಕೊಂಡೆ. ಇವನೆಲ್ಲಿ ಎದುರಿಗೆ ಕೋಟು ಹಾಕಿಕೊಂಡು ಕೂತುಬಿಡುತ್ತಾನೋ ಎಂಬ ಭಯವೂ ಇತ್ತು.

ಮುಂದಿನ ಬಾಗಿಲು ಕುಲಕರ್ಣಿಯವರದು. ಬಾಗಿಲು ತೆರೆದ ಕಾಕು ಯೂಟಾನ ಟೈ ನೋಡಿ "ಆತ್ತಾ ಆಲಾತ್?" ಎಂದು ಕೂಗಿದರು. ಈಗ ಬಂದ್ರಾ, ಎಷ್ಟು ಸಲ ಕಂಪ್ಲೇಂಟ್ ಕೊಡೋದು ಎಂದು ನಮ್ಮಿಬ್ಬರನ್ನೂ ಎಳೆದುಕೊಂಡು ಅಡುಗೆಮನೆಗೆ ಹೋದರು. ನೀರಿನ ಫಿಲ್ಟರ್ ಕೆಟ್ಟಿತ್ತು. ಕಾಕು, ನಾವು ಕನ್ನಡ ಸಂಘದಿಂದ ಎಂದು ನಾನು ಶುರುಮಾಡಿದೆ. ಯಾವ ಕಂಪನಿಯಾದರೇನು, ನೀರು ಬರಬೇಕು ಅಂದರು. ಯೂಟಾ ಆಗಲೇ ತೋಳು ಮಡಚಿ ಸಿಂಕಿನ ಕೆಳಗೆ ತಲೆ ತೂರಿಸಿದ್ದ. ಹೊಸ ಹಿಟ್ಟಿನ ಡಬ್ಬಿ ಒತ್ತಿಕೊಂಡು ಸಣ್ಣ ಬಿಳಿ ಪೈಪು ಮಡಚಿಹೋಗಿತ್ತು. ಡಬ್ಬಿ ಸರಿಸಿದ, ನೀರು ಬಂತು.

ಕಾಕುವಿಗೆ ಕನ್ನಡ ಒಂದಕ್ಷರ ಬಾರದು. ದೀಪಾವಳಿಗೆ ಮಾಡಿದ್ದ ಶಂಕರಪಾಳಿ ಒಂದು ತಟ್ಟೆ ತಂದಿಟ್ಟರು, ವಿಸಿಟಿಂಗ್ ಚಾರ್ಜ್ ಎಷ್ಟು ಎಂದು ಕೇಳಿದರು, ಏನೂ ಬೇಡ ಅಂದದ್ದಕ್ಕೆ 101 ರೂಪಾಯಿ ಕೈಗಿಟ್ಟರು. ನಾನು ಶಾಸ್ತ್ರೋಕ್ತವಾಗಿ ರಸೀದಿ ಹರಿದುಕೊಟ್ಟೆ. ಅದರ ಮೇಲಿನ ಭುವನೇಶ್ವರಿಯ ಚಿತ್ರವನ್ನು ಕಾಕು ಕಣ್ಣಿಗೊತ್ತಿಕೊಂಡು ಫ್ರಿಜ್ ಮೇಲೆ ಇಟ್ಟರು.

ರಾಜ್ಯೋತ್ಸವದ ಭಾನುವಾರ ಹಾಲ್ ಬಾಗಿಲಲ್ಲಿ ಅದೇ ರಸೀದಿ ಹಿಡಿದು ಕಾಕು ಗಂಡ, ಮಗ, ಸೊಸೆ ಸಮೇತ ಹಾಜರು. ಅದರಲ್ಲಿ ಅಚ್ಚಾಗಿದ್ದ ದಿನಾಂಕ, ವಿಳಾಸವನ್ನು ಕೆಳಗಿನ ಮನೆಯ ಶೆಟ್ಟರ ಹತ್ತಿರ ಓದಿಸಿಕೊಂಡಿದ್ದರು. ನಾಡಗೀತೆಗೆ ಎದ್ದು ನಿಂತರು, ಅಧ್ಯಕ್ಷರ ಭಾಷಣವನ್ನೂ ಪೂರ್ತಿ ಕೇಳಿದರು. ಅದು ಕನ್ನಡ ಬಲ್ಲ ನಮಗೇ ಆಗಿರಲಿಲ್ಲ. ಬಿಸಿಬೇಳೆಬಾತಿನ ಸಾಲಿನಲ್ಲಿ ನನ್ನನ್ನು ಹಿಡಿದು, ಆ ಹುಡುಗ ಎಲ್ಲಿ, ಗೀಸರ್ ಬಿಸಿಯಾಗ್ತಿಲ್ಲ ಅಂದರು.

ಅವನು ಊರಿಗೆ ಹೋದ ಕಾಕು, ಅಮೆರಿಕಕ್ಕೆ ಅಂದೆ.

ಹಾಗಾದ್ರೆ ಫೋನ್ ಹಚ್ಚು, ನೋಡಿ ಹೇಳಲಿ ಅಂದರು.

ಈಗ ಅಲ್ಲಿ ನಡುರಾತ್ರಿ ಕಾಕು, ಮಲಗಿರ್ತಾನೆ ಅಂದೆ.

ಏಳಲಿ ಬಿಡು, ನಮಗೇನು ಅವಸರ ಇಲ್ಲ ಎನ್ನುತ್ತಾ ಕಾಕು ತಟ್ಟೆಗೆ ಇನ್ನೊಂದು ಸೌಟು ಹಾಕಿಸಿಕೊಂಡು ಫ್ಯಾನಿನ ಕೆಳಗಿನ ಕುರ್ಚಿ ಹಿಡಿದರು.