ಎಳ್ಳಮಾವಾಸ್ಯೆ ರಾತ್ರಿ ಹೊಲದಲ್ಲೇ ಉಳಿಯಿರಿ

ಊರ ಬೆಳಕಿನಿಂದ ದೂರ ಒಂದು ಜಾಗ ಗೊತ್ತುಮಾಡಿ, ಎಲ್ಲರೂ ಸೇರಿ ನಕ್ಷತ್ರ ನೋಡೋಣ ಅಂದಿದ್ದೀರಿ. ಕಲಬುರಗಿ ಜಿಲ್ಲೆಯ ಚಿಂಚೋಳಿ ಕಾಡನ್ನೂ ಸೂಚಿಸಿದ್ದೀರಿ. ಅದು 2011ರಿಂದ ವನ್ಯಜೀವಿ ಧಾಮ, ರಾತ್ರಿ ಸುಮ್ನೆ ನುಗ್ಗೋಕಾಗಲ್ಲ. ಪರಿಚಯದ ರೈತರ ಹೊಲವೇ ವಾಸಿ.

ನಮ್ಮ ಕಲಬುರಗಿ ಕಡೆ ಡಿಸೆಂಬರ್-ಜನವರಿಯಲ್ಲಿ ಬರುವ ಎಳ್ಳಮಾವಾಸ್ಯೆಗೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಚರಗ ಚೆಲ್ಲಿ (ಬೆಳೆಗೆ ನೈವೇದ್ಯ ಎರಚಿ), ಭಜ್ಜಿ (ಕಾಳು-ಸೊಪ್ಪಿನ ಪಲ್ಯ), ಸಜ್ಜೆ ರೊಟ್ಟಿ ಉಂಡು ಸಂಜೆ ಮನೆಗೆ ಬಂದುಬಿಡುತ್ತೇವೆ. ಚಂದ್ರನಿಲ್ಲ, ಮೋಡ ಕಡಿಮೆ, ಬುತ್ತಿ ಹೇಗೂ ಇದೆ. ಇನ್ನು ನಾಲ್ಕು ತಾಸು ಉಳಿದರೆ ಆಯ್ತು, ಅಲ್ವಾ? ರಾತ್ರಿ ಒಂಬತ್ತರ ಹೊತ್ತಿಗೆ ಕೃತ್ತಿಕೆ ನಕ್ಷತ್ರಗಳ ಗುಂಪು ಹೆಚ್ಚುಕಡಿಮೆ ನೆತ್ತಿಯ ಮೇಲೆ ಇರುತ್ತದೆ. ದಕ್ಷಿಣದಲ್ಲಿ ಅಗಸ್ತ್ಯ ನಕ್ಷತ್ರ ಆಗಲೇ ಮೇಲೆ ಬಂದಿರುತ್ತದೆ. ಧ್ರುವ ನಕ್ಷತ್ರಕ್ಕೆ ಮಾತ್ರ ಉತ್ತರ ದಿಕ್ಕು ಬಯಲಾಗಿರಬೇಕು. ನಮ್ಮಲ್ಲಿ ಅದು ದಿಗಂತದಿಂದ ಬರೀ 17 ಡಿಗ್ರಿ ಎತ್ತರ, ಒಂದು ಬೇವಿನ ಮರ ಸಾಕು ಮುಚ್ಚೋಕೆ.

ಹೋದ ಸಲ ನಾವು ಎಂಟು ಜನ ಹೋಗಿದ್ದೆವು. ಕಣ್ಣು ಕತ್ತಲಿಗೆ ಹೊಂದಲು 20ರಿಂದ 30 ನಿಮಿಷ ಬೇಕು. ಇನ್ನೇನು ಹೊಂದಿತು ಅನ್ನುವಾಗ ತಡವಾಗಿ ಬಂದ ಗೆಳೆಯ ಕಾರಿನ ಹೆಡ್‌ಲೈಟ್ ಮುಖಕ್ಕೇ ಬಿಟ್ಟ. ಮತ್ತೆ ಮೊದಲಿಂದ! ಈಗ ಗಾಡಿ ರಸ್ತೆಯಲ್ಲೇ ನಿಲ್ಲಿಸಿ ನಡೆದು ಬರಬೇಕು ಅಂತ ಮಾಡಿದ್ದೇವೆ. ಟಾರ್ಚಿಗೆ ಕೆಂಪು ಜಿಲೆಟಿನ್ ಹಾಳೆ ಸುತ್ತಿದರೆ ಸಾಕು, ಹಾದಿಯಲ್ಲಿ ಹಾವು ಹುಳ ನೋಡೋಕೂ ಅದೇ.

ದುರ್ಬೀನು ಇಲ್ಲ ಅಂತ ಯಾರೂ ಹಿಂಜರಿಯಬೇಡಿ. ಕಂಬಳಿ ಮಾತ್ರ ಮರೆಯಬೇಡಿ, ಥಂಡಿ ಜಾಸ್ತಿ.