ಒಂದೇ ಫೈಲು, ಆರು ಸಲ, ಅದೂ ಹಾಡಹಗಲಿನಲ್ಲಿ

ಬೆಳಿಗ್ಗೆ ಹತ್ತಕ್ಕೆ ಶಟರ್ ಎತ್ತಿದೆವು. ಹತ್ತೂವರೆಗೆ ಮೊದಲ ಗಿರಾಕಿಗೆ ಹೇಳಿದೆ: "ಸರ್ವರ್ ಇಲ್ಲ, ಆಯಿ. ಸ್ವಲ್ಪ ಕುಳಿತುಕೊಳ್ಳಿ." ಆ ಮಾತು ಸುಳ್ಳು. ಸರ್ವರ್ ಬೆಂಗಳೂರಿನಲ್ಲಿ ಸರಿಯಾಗಿಯೇ ಇತ್ತು. ಅಲ್ಲಿಗೆ ಹೋಗುವ ನಮ್ಮ ದಾರಿಯನ್ನು ನಮ್ಮದೇ ಕಂಪ್ಯೂಟರ್‌ಗಳು, ವಿಂಡೋಸ್ ಅಪ್‌ಡೇಟ್ ಇಳಿಸಿಕೊಳ್ಳುತ್ತ, ಮುಚ್ಚಿಕೊಂಡು ಕುಳಿತಿದ್ದವು. ಪ್ರತಿ ತಿಂಗಳು ಈ ಸುಳ್ಳನ್ನು ಹೇಳಿ ಹೇಳಿ ನನಗೆ ರೋಸಿ ಹೋಗಿದೆ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ನಾನಿರುವುದು ಕಲಬುರಗಿ ಜಿಲ್ಲೆಯ ಚಿಂಚೋಳಿಯಲ್ಲಿ, ಚಿನ್ನದ ಸಾಲ ಕೊಡುವ ಒಂದು ಸಂಸ್ಥೆಯ ಸಣ್ಣ ಶಾಖೆಯಲ್ಲಿ. ಆರು ಕಂಪ್ಯೂಟರ್‌ಗಳಿವೆ. ಆರಕ್ಕೂ ಸೇರಿ ಇರುವುದು 4 ಎಂಬಿಪಿಎಸ್ ವೇಗದ ಒಂದೇ ಇಂಟರ್ನೆಟ್ ಸಂಪರ್ಕ. ಉಳಿದ ದಿನಗಳಲ್ಲಿ ಅದು ನಮಗೆ ಸಾಕು. ಸಾಲದ ಖಾತೆ ತೆರೆಯುವುದು, ಗಿರಾಕಿಯ ಫೋಟೊ ಕಳಿಸುವುದು, ಬೆರಳಚ್ಚು ಹೊಂದಿಸುವುದು, ಇವೆಲ್ಲ ಸಣ್ಣ ಸಣ್ಣ ಕೆಲಸಗಳು. ಆದರೆ ವಿಂಡೋಸ್‌ನ ಭದ್ರತಾ ಅಪ್‌ಡೇಟ್ ಹೊರಬರುವುದು ತಿಂಗಳ ಎರಡನೇ ಮಂಗಳವಾರ, ಅಮೆರಿಕದ ಪಶ್ಚಿಮ ಕರಾವಳಿಯ ಸಮಯ ಬೆಳಿಗ್ಗೆ ಹತ್ತಕ್ಕೆ. ನಮಗದು ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಆ ಹೊತ್ತಿಗೆ ನಮ್ಮ ಕಂಪ್ಯೂಟರ್‌ಗಳೆಲ್ಲ ಆಫ್ ಆಗಿರುತ್ತವೆ. ಸಂಜೆ ಬಾಗಿಲು ಹಾಕುವಾಗ ಮೇನ್ ಸ್ವಿಚ್ ತೆಗೆಯಬೇಕೆಂಬುದು ಸಂಸ್ಥೆಯ ನಿಯಮ. ಹಾಗಾಗಿ ಬುಧವಾರ ಬೆಳಿಗ್ಗೆ ಆರೂ ಯಂತ್ರಗಳು ಒಟ್ಟಿಗೆ ಎದ್ದು, ಅದೇ ಅಪ್‌ಡೇಟ್ ಫೈಲಿಗಾಗಿ ಒಟ್ಟಿಗೆ ಕೈ ಚಾಚುತ್ತವೆ.

ಲೆಕ್ಕ ಹಾಕಿ ನೋಡಿ. ಫೈಲು ಒಂದು ಜಿಬಿ ಎಂದಿಟ್ಟುಕೊಳ್ಳೋಣ. 4 ಎಂಬಿಪಿಎಸ್‌ನಲ್ಲಿ ಒಂದು ಯಂತ್ರಕ್ಕೆ ಅದು ಇಳಿಯಲು ಸುಮಾರು 33 ನಿಮಿಷ ಬೇಕು. ಆರಕ್ಕೆ 3 ಗಂಟೆ 20 ನಿಮಿಷ. ಅದೂ ಸಂಪರ್ಕ ಬೇರೆ ಯಾವ ಕೆಲಸವನ್ನೂ ಮಾಡದೆ ಇದೊಂದನ್ನೇ ಮಾಡಿದರೆ. ಅಂದರೆ ಹತ್ತಕ್ಕೆ ಶುರುವಾದದ್ದು ಮಧ್ಯಾಹ್ನದ ಊಟದವರೆಗೆ ಮುಗಿಯುವುದಿಲ್ಲ. ನಡುವೆ ಕರೆಂಟು ಹೋಗಿ ಬಂದರೆ ಇನ್ನೂ ತಡ.

ಇವತ್ತು ಬಂದಿದ್ದ ಆಯಿ ಕುಂಚಾವರಂ ಕಡೆಯವರು. ತೊಗರಿ ಮಾರಿದ ದುಡ್ಡನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಅಡವಿಟ್ಟ ಬೋರಮಾಳ ಸರವನ್ನು ಬಿಡಿಸಿಕೊಳ್ಳಬೇಕಿತ್ತು. ಅವರ ಬೆರಳನ್ನು ಯಂತ್ರದ ಮೇಲೆ ಇಡಿಸುತ್ತೇನೆ, ಪರದೆಯ ಮೇಲಿನ ಚಕ್ರ ತಿರುಗುತ್ತದೆ, ತಿರುಗುತ್ತದೆ, ಅವಧಿ ಮುಗಿಯಿತು ಎನ್ನುತ್ತದೆ. ಮತ್ತೆ ಬೆರಳು, ಮತ್ತೆ ಚಕ್ರ. ನಾಲ್ಕನೆಯ ಸಲ ಅವರು ಬೆರಳನ್ನು ಸೀರೆಗೆ ಒರೆಸಿಕೊಂಡು, "ಯಪ್ಪಾ, ಹೊಲದ ಕೆಲಸ ಮಾಡಿ ನನ್ನ ಬೆರಳೇ ಸವೆದಿದೆಯೇನೋ" ಎಂದರು. ನನ್ನ ಹೊಟ್ಟೆ ಉರಿಯಿತು. ಬೆರಳು ಸವೆದಿಲ್ಲ ತಾಯಿ, ತಪ್ಪು ನಿಮ್ಮದಲ್ಲ. ಮೂರು ಗಂಟೆಗೆ ಅವರು ಸರವಿಲ್ಲದೆ ಬಸ್ ನಿಲ್ದಾಣಕ್ಕೆ ನಡೆದುಹೋದರು. ನಾಳೆ ಮತ್ತೆ ಬರಬೇಕು. ಒಂದು ದಿನದ ಹೆಚ್ಚಿನ ಬಡ್ಡಿಯನ್ನೂ ಅವರೇ ಕಟ್ಟಬೇಕು.

ಅಪ್‌ಡೇಟ್ ಬೇಡವೆನ್ನುವವನು ನಾನಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳಿಗೆ ಬೀಗ ಜಡಿದು ಹಣ ಕೇಳಿತ್ತು. ಅದು ನುಸುಳಿದ ಬಿರುಕಿಗೆ ತೇಪೆ, ಅಂದರೆ ಅದನ್ನು ಮುಚ್ಚುವ ಅಪ್‌ಡೇಟ್, ಮಾರ್ಚ್ ತಿಂಗಳಲ್ಲೇ ಬಂದಿತ್ತು. ಹಾಕಿಕೊಳ್ಳದವರು ಕೆಟ್ಟರು. ಜನರ ಚಿನ್ನದ ಲೆಕ್ಕ ಇಟ್ಟುಕೊಂಡಿರುವ ನಾವು ತೇಪೆ ಹಾಕದೆ ಇರಬಾರದು. ನಾನು ಕೇಳುತ್ತಿರುವುದು ಒಂದೇ: ಅದೇ ಫೈಲು ಅದೇ ತಂತಿಯಲ್ಲಿ ಆರು ಸಲ ಏಕೆ ಬರಬೇಕು?

ಇದಕ್ಕೆ ಉಪಾಯ ಇಲ್ಲದಿದ್ದರೆ ಹಣೆಬರಹವೆಂದು ಸುಮ್ಮನಿರುತ್ತಿದ್ದೆ. ಉಪಾಯ ವಿಂಡೋಸ್‌ನ ಒಳಗೇ ಇದೆ. ಡೆಲಿವರಿ ಆಪ್ಟಿಮೈಸೇಶನ್ ಎಂದು ಅದರ ಹೆಸರು, ವಿಂಡೋಸ್ 10 ಬಂದ 2015ರಿಂದಲೂ ಇದೆ. ಒಂದು ಕಂಪ್ಯೂಟರ್ ಹೊರಗಿನಿಂದ ಇಳಿಸಿಕೊಂಡ ತುಣುಕುಗಳನ್ನು ಅದೇ ಕೋಣೆಯ ಉಳಿದ ಯಂತ್ರಗಳು ಒಳಗಿನ ಜಾಲದಲ್ಲೇ ಹಂಚಿಕೊಳ್ಳುತ್ತವೆ. ಬಾವಿಯಿಂದ ಒಂದು ಕೊಡ ಸೇದಿ ಮನೆಯವರೆಲ್ಲ ಕುಡಿದ ಹಾಗೆ. ಕಚೇರಿಯ ಸಮಯದಲ್ಲಿ ಇಷ್ಟೇ ವೇಗ, ಉಳಿದ ಹೊತ್ತಿನಲ್ಲಿ ಇಷ್ಟು ಎಂದು ಮಿತಿ ಹಾಕಲೂ ಅದರಲ್ಲಿ ಅವಕಾಶವಿದೆ. ಬಿಡಿಗಾಸು ಖರ್ಚಿಲ್ಲ.

ನಮ್ಮಲ್ಲಿ ಆ ಗುಂಡಿಯನ್ನು ಮುಖ್ಯ ಕಚೇರಿಯವರು ಆಫ್ ಮಾಡಿ, ನಾವು ಮುಟ್ಟದಂತೆ ಬೀಗ ಹಾಕಿದ್ದಾರೆ. ಸೆಟ್ಟಿಂಗ್ಸ್ ತೆರೆದರೆ ಅದು ಬೂದು ಬಣ್ಣದಲ್ಲಿ ಸತ್ತು ಬಿದ್ದಿದೆ. ಸ್ಥಳೀಯ ಜಾಲದ ಕಂಪ್ಯೂಟರ್‌ಗಳಿಂದ ಎಷ್ಟು ಬಂದಿದೆ ಎಂದು ತೋರಿಸುವ ಕಡೆ ಆರೂ ಯಂತ್ರಗಳಲ್ಲಿ ಸೊನ್ನೆ. ಏಕೆ ಆಫ್ ಮಾಡಿದಿರಿ ಎಂದು ಕೇಳಿದರೆ, "ಹೊರಗಿನವರ ಕಂಪ್ಯೂಟರ್‌ಗಳಿಗೂ ನಮ್ಮಿಂದ ಡೇಟಾ ಹೋಗುತ್ತದೆ, ಸುರಕ್ಷಿತವಲ್ಲ" ಎಂಬ ಉತ್ತರ. ಒಳಗಿನ ಜಾಲಕ್ಕೆ ಮಾತ್ರ ಎಂಬ ಆಯ್ಕೆ ಬೇರೆಯೇ ಇದೆ ಸ್ವಾಮಿ! ಬಂದ ತುಣುಕು ಅಸಲಿಯೇ ಎಂದು ಯಂತ್ರ ತಾನೇ ಪರೀಕ್ಷಿಸಿಕೊಳ್ಳುತ್ತದೆ. ಇದನ್ನು ಬರೆದು ಕಳಿಸಿದೆ. ಉತ್ತರ ಬರಲಿಲ್ಲ.

ಎರಡನೆಯ ದೂರಿಗೆ ಬಂದ ಉತ್ತರ ಇನ್ನೂ ಕೆಟ್ಟದು. "ನಿಮ್ಮ ಶಾಖೆಗೆ ಆಕ್ಟಿವ್ ಅವರ್ಸ್ ಬೆಳಿಗ್ಗೆ 9ರಿಂದ ಸಂಜೆ 7 ಎಂದು ಹೊಂದಿಸಲಾಗಿದೆ, ಸಮಸ್ಯೆ ಬಗೆಹರಿದಿದೆ." ಆಕ್ಟಿವ್ ಅವರ್ಸ್ ತಡೆಯುವುದು ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುವುದನ್ನು. ಫೈಲು ಇಳಿಯುವುದನ್ನು ಅದು ತಡೆಯುವುದಿಲ್ಲ. ಕಂಪ್ಯೂಟರ್ ನೋಡಿಕೊಳ್ಳುವುದನ್ನೇ ಕೆಲಸ ಮಾಡಿಕೊಂಡವರಿಗೆ ಇಷ್ಟು ಗೊತ್ತಿಲ್ಲವೇ? ಗೊತ್ತಿರುತ್ತದೆ. ಅವರ ಕಚೇರಿಯ ದಪ್ಪ ಸಂಪರ್ಕದಲ್ಲಿ ಒಂದು ಜಿಬಿ ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿಯುತ್ತದೆ, ಅದಕ್ಕೇ ಯೋಚಿಸುವ ಅಗತ್ಯ ಅವರಿಗೆ ಬಿದ್ದಿಲ್ಲ. ಮಾತೆತ್ತಿದರೆ "ನಿಮ್ಮ ಕಡೆ ನೆಟ್‌ವರ್ಕ್ ಸರಿ ಇಲ್ಲ" ಎನ್ನುತ್ತಾರೆ. ಕಲಬುರಗಿ, ಬೀದರ್, ಯಾದಗಿರಿ ಎಂದರೆ ಎಲ್ಲವೂ ಹಿಂದೆ ಬಿದ್ದ ಸೀಮೆ, ಅಲ್ಲಿ ಇದೆಲ್ಲ ಇದ್ದದ್ದೇ ಎಂಬ ಭಾವನೆ. ಈ ಮಾತು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸುಡುತ್ತದೆ. ನಮ್ಮ ತಂತಿ ಸಣ್ಣದು, ನಿಜ. ಆ ಸಣ್ಣ ತಂತಿಯಲ್ಲಿ ಒಂದರ ಬದಲು ಆರು ಹೊರೆ ಹೇರಿದವರು ನೀವು.

ಹೋದ ತಿಂಗಳು ನಾನೇ ಒಂದು ದಾರಿ ಮಾಡಿಕೊಂಡೆ. ಬುಧವಾರ ಬೆಳಿಗ್ಗೆ ನಾಲ್ಕು ಯಂತ್ರಗಳ ಕೇಬಲ್ ಕಿತ್ತು, ಕೌಂಟರಿನ ಎರಡನ್ನು ಮಾತ್ರ ನನ್ನ ಮೊಬೈಲ್ ಹಾಟ್‌ಸ್ಪಾಟಿಗೆ ಜೋಡಿಸಿದೆ. ಮೊಬೈಲನ್ನು ಸಿಗ್ನಲ್ ಸಿಗುವ ಕಿಟಕಿಯ ಅಂಚಿನಲ್ಲಿ ಇಟ್ಟೆ. ಡೇಟಾ ನನ್ನ ಸ್ವಂತ ದುಡ್ಡಿನದು. ಅದನ್ನೂ ಅಪ್‌ಡೇಟೇ ತಿಂದುಹಾಕದಂತೆ ಮೀಟರ್ಡ್ ಕನೆಕ್ಷನ್ (ಡೇಟಾ ಅಳೆದು ಬಳಸಬೇಕಾದ ಸಂಪರ್ಕ) ಎಂದು ಗುರುತು ಹಾಕಲು ಹೋದರೆ ಅದಕ್ಕೂ ಬೀಗ. ಆದರೂ ಅವತ್ತು ಹನ್ನೊಂದು ಗಿರಾಕಿಗಳ ಕೆಲಸ ಮುಗಿಯಿತು. ವಾರದ ನಂತರ ನನಗೆ ಪತ್ರ ಬಂತು: ನಿಮ್ಮ ಶಾಖೆಯ ನಾಲ್ಕು ಕಂಪ್ಯೂಟರ್‌ಗಳು ಅಪ್‌ಡೇಟ್‌ನಲ್ಲಿ ಹಿಂದುಳಿದಿವೆ, ವಿವರಣೆ ಕೊಡಿ.

ವಿವರಣೆ ಕೊಟ್ಟಿದ್ದೇನೆ. ಹಂಚಿಕೊಳ್ಳುವ ಗುಂಡಿಯನ್ನು ಒಳಗಿನ ಜಾಲಕ್ಕೆ ಮಾತ್ರ ತೆರೆಯಿರಿ, ಹಗಲಿನ ವೇಗಕ್ಕೆ ಮಿತಿ ಹಾಕಿ, ಮಂಗಳವಾರ ರಾತ್ರಿ ಒಂದು ಕಂಪ್ಯೂಟರ್ ಮತ್ತು ರೂಟರ್ ಚಾಲೂ ಇರಲು ಅನುಮತಿ ಕೊಡಿ ಎಂದು ಬರೆದಿದ್ದೇನೆ. ಮೊದಲು ಒಂದೇ ಶಾಖೆಯಲ್ಲಿ ಮಾಡಿ ನೋಡಿ, ನಮ್ಮದರಲ್ಲೇ ನೋಡಿ ಎಂದಿದ್ದೇನೆ. ಇವತ್ತು ಸಂಜೆ ಆಯಿ ಹೋದ ಮೇಲೆ ನನ್ನ ದೂರಿನ ಪುಟ ತೆರೆದೆ. "ಪರಿಹರಿಸಲಾಗಿದೆ" ಎಂದು ಮುಚ್ಚಿದ್ದರು. ನಾಲ್ಕನೆಯ ಸಲ ಮತ್ತೆ ತೆರೆದಿದ್ದೇನೆ. ಈ ಸಲ ಅದರಲ್ಲಿ ಆಯಿಯ ಬೆರಳಿನ ಮಾತನ್ನೂ ಬರೆದಿದ್ದೇನೆ.