ನಮ್ಮ ಡಿಸೆಂಬರಿಗೆ ಕಾಸರಗೋಡು ಸೀರೆ

ಕಳೆದ ಶುಕ್ರವಾರ ನಮ್ಮ ಶಾಲೆಯಲ್ಲಿ ಕ್ರಿಸ್ಮಸ್ ಆಚರಣೆ. ಕ್ರಿಸ್ಮಸ್ ಪರೀಕ್ಷೆ ಮುಗಿಸಿ ಮಕ್ಕಳು ಹತ್ತು ದಿನದ ರಜೆಗೆ ಹೊರಡುವ ದಿನ. ಅದಕ್ಕೂ ನಾಲ್ಕು ದಿನ ಮೊದಲೇ ಟೀಚರುಗಳ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ತೀರ್ಮಾನ ಆಗಿತ್ತು, ಎಲ್ಲರೂ ಕೆಂಪು ಬಿಳಿ ಅಂತ. ಅದೇ ರಾತ್ರಿಯಿಂದ ಲಿಂಕುಗಳು ಬರಲು ಶುರು. 499 ರೂಪಾಯಿಯ ಕುರ್ತಾ, 650ರ ಜಾರ್ಜೆಟ್ ಸೀರೆ, ಉಣ್ಣೆಯ ಹಾಗೆ ಕಾಣುವ ಕೆಂಪು ಶ್ರಗ್. ನಾನು ಏನೂ ತರಿಸಲಿಲ್ಲ. ಅಮ್ಮನ ಕುಂಕುಮ ಬಣ್ಣದ ಕಾಸರಗೋಡು ಸೀರೆ ಕಪಾಟಿನಲ್ಲಿತ್ತು, ಬಿಳಿ ರವಿಕೆ ಇತ್ತು. ಅದನ್ನೇ ಉಟ್ಟುಕೊಂಡು ಹೋದೆ.

ಕೇಕ್ ಹಂಚುವಾಗ ನನ್ನ ಪಕ್ಕ ಕೂತಿದ್ದ ಹೊಸ ಟೀಚರ್ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಇದು ಎಲ್ಲಿಂದ ತರಿಸಿದ್ದು ಟೀಚರ್? ಬಂಗಾಳದ ಕಾಟನ್ ಇದ್ದ ಹಾಗೆ ಉಂಟು" ಅಂದಳು. "ಇಲ್ಲಿಯದ್ದೇ ಮಾರಾಯ್ತಿ, ಕಾಸರಗೋಡು ಸೀರೆ" ಅಂದೆ. ಅವಳು ನನ್ನ ಮುಖ ನೋಡಿದಳು. ಹುಟ್ಟಿ ಬೆಳೆದದ್ದು ಕಾಸರಗೋಡಿನಲ್ಲೇ, ಆದರೆ ಈ ಊರಿನ ಹೆಸರಿನ ಸೀರೆಯೊಂದು ಇದೆ ಎಂದು ಅವಳು ಕೇಳಿಯೇ ಇರಲಿಲ್ಲ. ಅವಳ ತಪ್ಪು ಇದರಲ್ಲಿ ಏನೂ ಇಲ್ಲ, ಅವಳಿಗೆ ಹೇಳಬೇಕಾಗಿದ್ದ ನಾವು ಹೇಳಿಲ್ಲ. ಅದಕ್ಕೇ ರಜೆಯಲ್ಲಿ ಇದನ್ನು ಬರೆಯಲು ಕೂತಿದ್ದೇನೆ.

ಡಿಸೆಂಬರ್ ಬಂದರೆ ಮೊಬೈಲಿನಲ್ಲಿ ಕಾಣುವ ಬಟ್ಟೆಗಳೆಲ್ಲ ಇನ್ಯಾವುದೋ ಊರಿನ ಚಳಿಗೆ ಹೊಲಿದವು. ಮಂಡಿವರೆಗಿನ ಬೂಟು, ಕುತ್ತಿಗೆ ಮುಚ್ಚುವ ಸ್ವೆಟರ್, ಚರ್ಮದ ಜಾಕೆಟ್. ನಮ್ಮ ಚಳಿ ಎಂಥದ್ದು? ರಾತ್ರಿ ಮೂಡು ಗಾಳಿ ಬೀಸಿ ಬೆಳಗಿನ ಜಾವ 21, 22 ಡಿಗ್ರಿಗೆ ಇಳಿಯುತ್ತದೆ. ಬಾವಿಕಟ್ಟೆಯಲ್ಲಿ ಕಾಲಿಟ್ಟರೆ ಬೆರಳು ಮರಗಟ್ಟಿದ ಹಾಗೆ ಆಗುತ್ತದೆ, ತುಟಿ ಒಡೆಯುತ್ತದೆ, ಹುಲ್ಲಿನ ಮೇಲೆ ನಡೆದರೆ ಪಾದ ಒದ್ದೆ. ಆದರೆ ಒಂಬತ್ತು ಗಂಟೆಗೆ ಬಿಸಿಲು ಅಡಿಕೆ ಅಂಗಳಕ್ಕೆ ಬಿದ್ದಿತೆಂದರೆ ಚಳಿಯೆಲ್ಲ ಮುಗಿಯಿತು. ಮಧ್ಯಾಹ್ನ 32, 33 ಡಿಗ್ರಿ. ಒಂದೇ ದಿನದಲ್ಲಿ ಹತ್ತು ಡಿಗ್ರಿ ಏರುವ ಊರಿನಲ್ಲಿ ಬೆಳಿಗ್ಗೆ ಬೆಚ್ಚಗೆ ಹೊದೆಯಲಿಕ್ಕೂ ಆಗಬೇಕು, ಮಧ್ಯಾಹ್ನ ಅದೇ ಬಟ್ಟೆಯಲ್ಲಿ ಅಂಗಳಕ್ಕೆ ಇಳಿದು ಅಡಿಕೆ ಮಗುಚಲಿಕ್ಕೂ ಆಗಬೇಕು. ಸ್ವಲ್ಪ ದಪ್ಪ ನೇಯ್ಗೆಯ, ಗಂಜಿ ಹಾಕಿದ ಹತ್ತಿ ಸೀರೆ ಈ ಎರಡನ್ನೂ ಮಾಡುತ್ತದೆ. ಬೆಳಿಗ್ಗೆ ಸೆರಗನ್ನು ಎರಡೂ ಹೆಗಲಿಗೆ ಹೊದ್ದರೆ ಶಾಲು ಬೇಡ, ಬಿಸಿಲೇರಿದ ಮೇಲೆ ಸೊಂಟಕ್ಕೆ ಸಿಕ್ಕಿಸಿದರೆ ಬೆವರು ಇಲ್ಲ.

ಹತ್ತಿ ಸೀರೆ ಬೇಸಿಗೆಗೆ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಕರಾವಳಿಯ ಮಟ್ಟಿಗೆ ನಾನು ಇದನ್ನು ಒಪ್ಪುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ ಬಸ್‌ಸ್ಟಾಂಡ್ ಮುಟ್ಟುವ ಮೊದಲೇ ಬೆವರಿಗೆ ಮುದ್ದೆಯಾಗಿರುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಒಗೆದದ್ದು ಒಣಗುವುದೇ ಇಲ್ಲ. ಗಂಜಿ ಹಾಕಿ ಕಪಾಟಿನಲ್ಲಿಟ್ಟರಂತೂ ಒಂದೇ ವಾರದಲ್ಲಿ ಬೂಸರು ಹಿಡಿದು ಕಪ್ಪು ಚುಕ್ಕೆ ಬೀಳುತ್ತದೆ, ಆ ಚುಕ್ಕೆ ಆಮೇಲೆ ಯಾವ ಸೋಪಿಗೂ ಹೋಗುವುದಿಲ್ಲ. ಅಮ್ಮ ಮೇ ತಿಂಗಳ ಕೊನೆಗೆ ಎಲ್ಲ ಕಾಟನ್ ಸೀರೆಗಳ ಗಂಜಿ ಪೂರ್ತಿ ತೊಳೆದು, ಚೆನ್ನಾಗಿ ಒಣಗಿಸಿ, ಮೆತ್ತಗೆ ಮಡಚಿ ಒಳಗಿಡುತ್ತಿದ್ದರು. ಮತ್ತೆ ಅವು ಹೊರಗೆ ಬರುತ್ತಿದ್ದದ್ದು ದೀಪಾವಳಿ ಕಳೆದು ಗಾಳಿಯ ಪಸೆ ಆರಿದ ಮೇಲೆ. ನಮ್ಮಲ್ಲಿ ಹತ್ತಿ ಸೀರೆಯ ಕಾಲ ಎಂದರೆ ಡಿಸೆಂಬರ್, ಜನವರಿ. ಈ ಎರಡು ತಿಂಗಳು ಬೆಳಿಗ್ಗೆ ಹಿಡಿದ ನೆರಿಗೆ ಸಂಜೆವರೆಗೂ ಹಾಗೆಯೇ ನಿಲ್ಲುತ್ತದೆ.

ಗಂಜಿಗೆ ಅಮ್ಮ ಪೇಟೆಯ ಪುಡಿ ತಂದವರೇ ಅಲ್ಲ. ಕುಚ್ಚಲಕ್ಕಿಯ ಗಂಜಿತಿಳಿ ತಣಿಯಲು ಬಿಟ್ಟು, ಹಳೆಯ ಬೈರಾಸಿನಲ್ಲಿ, ಅಂದರೆ ಹೆಗಲಿಗೆ ಹಾಕುವ ತೆಳು ಹತ್ತಿ ಬಟ್ಟೆಯಲ್ಲಿ ಸೋಸಿ, ಅದಕ್ಕೆ ಎರಡರಷ್ಟು ನೀರು ಬೆರೆಸುತ್ತಿದ್ದರು. ಸೀರೆಯನ್ನು ಅದ್ದುವ ಮೊದಲು ನೀರಲ್ಲಿ ಒದ್ದೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಗಂಜಿ ಅಲ್ಲಲ್ಲಿ ಹಿಡಿದು ಬಿಳಿ ಮಚ್ಚೆ ಕಾಣುತ್ತದೆ. ಹಿಂಡುವಾಗ ತಿರುಚಬಾರದು. ನೆರಳಲ್ಲಿ ಹರವಿ, ಪೂರ್ತಿ ಒಣಗುವ ಮೊದಲೇ ತೆಗೆದು ಇಬ್ಬರು ಎರಡು ಕಡೆ ಹಿಡಿದು ಎಳೆಯಬೇಕು. ಆ ಎಳೆಯುವ ಕೆಲಸ ಚಿಕ್ಕಂದಿನಲ್ಲಿ ನನ್ನದು. ಅಮ್ಮ "ಬಿಗಿ ಹಿಡಿ" ಅನ್ನುತ್ತಿದ್ದರು, ಬಟ್ಟೆ ಟಪ್ ಅಂತ ಸದ್ದು ಮಾಡಿ ನೆಟ್ಟಗಾಗುತ್ತಿತ್ತು, ಅಕ್ಕಿಯ ಪರಿಮಳ ಮುಖಕ್ಕೆ ಹೊಡೆಯುತ್ತಿತ್ತು. ಈಗಲೂ ಡಿಸೆಂಬರ್ ಎಂದರೆ ನನಗೆ ಮೊದಲು ನೆನಪಾಗುವುದು ಆ ಪರಿಮಳ.

ಶುಕ್ರವಾರ ಉಟ್ಟ ಸೀರೆಯ ಬಗ್ಗೆ ಹೇಳಬೇಕು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಮ್ಮ ಕೊಂಡದ್ದು, ಈಗ ನನಗೆ ನಲವತ್ತಾರು. ಮೈಯೆಲ್ಲ ಕುಂಕುಮ ಬಣ್ಣ, ಅದರಲ್ಲಿ ಹತ್ತಿರ ಬಂದರೆ ಮಾತ್ರ ಕಾಣುವ ಕಪ್ಪು ಗೆರೆಗಳ ಚೌಕುಳಿ. ಅಂಚು ಸಾಸಿವೆ ಹಳದಿ, ಅದರೊಳಗೆ ಸಣ್ಣ ಸಣ್ಣ ಗೋಪುರದ ಸಾಲು. ಕೆಳಗಿನ ಅಂಚಿನಲ್ಲಿ ಹಿಮ್ಮಡಿಗೆ ತಾಗುವಲ್ಲಿ ಒಂದು ಗೇಣು ಸವೆದಿದೆ. ಅಲ್ಲಿ ಅಮ್ಮ ಅದೇ ಹಳದಿಯ ನೂಲಿನಿಂದ ರಿಪೇರಿ ಮಾಡಿದ್ದಾರೆ, ಹೊಲಿಗೆ ಎಷ್ಟು ಒತ್ತಾಗಿದೆಯೆಂದರೆ ಬೆರಳಿಗೆ ಸಿಗುತ್ತದೆ, ಕಣ್ಣಿಗೆ ಸಿಗುವುದಿಲ್ಲ. ಬಣ್ಣ ಸ್ವಲ್ಪ ಮಾಗಿದೆ, ಆದರೆ ಮಾಸಿಲ್ಲ. ಮಡಿಕೆಯ ಒಳಗಿನ ಬಣ್ಣವೂ ಹೊರಗಿನ ಬಣ್ಣವೂ ಒಂದೇ.

ಇದಕ್ಕೆ ಕಾರಣ ನೂಲಿಗೆ ಹಾಕುವ ವ್ಯಾಟ್ ಬಣ್ಣ. ಅದು ತಾನಾಗಿ ನೀರಿನಲ್ಲಿ ಕರಗುವುದಿಲ್ಲ. ರಾಸಾಯನಿಕ ಬೆರೆಸಿ ಕರಗುವಂತೆ ಮಾಡಿ ನೂಲನ್ನು ಅದ್ದುತ್ತಾರೆ. ನೂಲು ಹೊರಗೆ ತೆಗೆದು ಗಾಳಿ ತಾಗಿದಾಗ ಬಣ್ಣ ಮತ್ತೆ ಕರಗದ ರೂಪಕ್ಕೆ ತಿರುಗಿ ಎಳೆಯ ಒಳಗೇ ಕೂತುಬಿಡುತ್ತದೆ. ಹಾಗಾಗಿ ಒಗೆತಕ್ಕೆ ಅದು ಜಗ್ಗುವುದಿಲ್ಲ. ಬಣ್ಣ ಹಾಕಿದ ನೂಲಿನಿಂದಲೇ ಪಟ್ಟೆ, ಚೌಕುಳಿ ನೇಯುವುದರಿಂದ ಸೀರೆಯ ಮೈ ಎರಡೂ ಕಡೆ ಒಂದೇ ಥರ ಕಾಣುತ್ತದೆ. ಅಂಗಡಿಯಲ್ಲಿ ಹಿಂಬದಿ ಮಗುಚಿ ನೋಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಹಿಂಬದಿ ಬಿಳಿಚಿಕೊಂಡಿದ್ದರೆ ಅದು ಪ್ರಿಂಟು.

ಮೂರು ವರ್ಷ ಹಿಂದೆ ಇದೇ ಮಾತನ್ನು ನಾನೇ ಮರೆತು ಮೋಸ ಹೋದೆ. ಪೇಟೆಯ ಒಂದು ಜವಳಿ ಅಂಗಡಿಯಲ್ಲಿ ಕಾಸರಗೋಡು ಸೀರೆ ಎಂದೇ ಹೇಳಿ ಒಂದು ಹಸಿರು ಸೀರೆ ಕೊಟ್ಟರು. ನಾದಿನಿಗೆ ಹೊಸ ವರ್ಷದ ಉಡುಗೊರೆ ಎಂದು ತಂದದ್ದು. ಮೊದಲ ಒಗೆತಕ್ಕೆ ಬಕೇಟಿನ ನೀರು ಹಸಿರು, ಅವಳ ಬಿಳಿ ಲಂಗವೂ ಹಸಿರು. ಎಳೆ ಸುಟ್ಟು ನೋಡಿದಾಗ ಬೂದಿಯಾಗದೆ ಗಂಟು ಕಟ್ಟಿತು, ಪಾಲಿಯೆಸ್ಟರ್ ಬೆರಕೆ. ಅಂಗಡಿಗೆ ಹೋಗಿ ಕೇಳಿದರೆ "ಈಗೆಲ್ಲ ಇದೇ ಬರುವುದು, ಜನ ಇದನ್ನೇ ಕೇಳುವುದು" ಅಂದರು. ಹಣ ಹೋದ ಬೇಸರಕ್ಕಿಂತ, ಆ ಸುಳ್ಳನ್ನು ನಮ್ಮ ಊರಿನ ಹೆಸರಿನಲ್ಲಿ ಮಾರಿದರಲ್ಲ ಎಂಬ ಸಿಟ್ಟು ನನಗೆ ಇನ್ನೂ ಆರಿಲ್ಲ. ಈ ಸೀರೆಗೆ 2010ರಲ್ಲಿ ಭೌಗೋಳಿಕ ಸೂಚಿ, ಅಂದರೆ ಊರಿನ ಹೆಸರು ಆ ಊರಿನ ವಸ್ತುವಿಗೆ ಮಾತ್ರ ಎಂದು ಕಾಯುವ ಜಿಐ ಮಾನ್ಯತೆ ಸಿಕ್ಕಿದೆ. ಕೈಮಗ್ಗದ್ದೇ ಹೌದು ಎಂದು ತಿಳಿಸುವ ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಸರಕಾರಿ ಗುರುತೂ 2006ರಿಂದ ಇದೆ. ಆ ಚೀಟಿ ತೋರಿಸಿ ಎಂದು ಕೇಳಲು ಸಂಕೋಚ ಯಾಕೆ? ಚಿನ್ನದ ಅಂಗಡಿಯಲ್ಲಿ ಹಾಲ್‌ಮಾರ್ಕ್ ಕೇಳುವುದಿಲ್ಲವೇ ನಾವು?

ಆ ಪ್ರಸಂಗದ ನಂತರ ನಾನು ನೇರ ನೇಕಾರರ ಸಹಕಾರಿ ಸಂಘಕ್ಕೆ ಹೋಗತೊಡಗಿದೆ. 1938ರಲ್ಲಿ ಶುರುವಾದ ಸಂಘ ಅದು, ಆಗ ಕಾಸರಗೋಡು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಮಗ್ಗದಲ್ಲಿ ಕೂತಿದ್ದ ಹಿರಿಯ ಹೆಂಗಸೊಬ್ಬರು ಲಾಳಿ ನಿಲ್ಲಿಸಿ, ಕಡಿದ ಎಳೆಯೊಂದನ್ನು ಹುಡುಕಿ, ಎರಡು ಬೆರಳಿನಲ್ಲಿ ಹೊಸೆದು ಗಂಟು ಹಾಕಿ ಮತ್ತೆ ಕಾಲು ಮೆಟ್ಟಿದರು. ಆ ಗಂಟು ಎಲ್ಲಿತ್ತು ಎಂದು ನಾನು ಕ್ಷಣ ಬಿಟ್ಟು ಹುಡುಕಿದರೆ ಸಿಗಲಿಲ್ಲ. ಅವರು ಮಲಯಾಳದಲ್ಲಿ, ನಾನು ನನ್ನ ಅರೆಬರೆ ಮಲಯಾಳದಲ್ಲಿ ಮಾತಾಡಿದೆವು. ನೂಲಿನ ನಂಬರು ಹೆಚ್ಚಿದಷ್ಟೂ ಎಳೆ ನಯ ಎಂದು ತಿಳಿಸಿ, ಒಂದು ದಪ್ಪದ, ಒಂದು ನಯದ ಸೀರೆಯನ್ನು ನನ್ನ ಎರಡು ಕೈಗೆ ಕೊಟ್ಟರು. "ಟೀಚರೇ, ಚಳಿಗೆ ಇದು" ಎಂದು ದಪ್ಪದ್ದನ್ನು ತಟ್ಟಿದರು. ಹೊಗೆಬಣ್ಣಕ್ಕೆ ನೀಲಿ ಅಂಚಿನ ಆ ಸೀರೆಯೇ ಈಗ ನನ್ನ ಧನುಮಾಸದ ಸೀರೆ. ಅಲ್ಲಿ ಎಳೆಯ ಪ್ರಾಯದವರು ಒಬ್ಬರೂ ಮಗ್ಗದಲ್ಲಿ ಕಾಣಲಿಲ್ಲ ಎಂಬುದನ್ನೂ ಹೇಳಬೇಕು.

ಇನ್ನೊಂದು ಮಾತು, ಕೆಲವರಿಗೆ ಬೇಸರವಾಗಬಹುದು. ಕೇರಳದ ಸೀರೆ ಎಂದರೆ ಎಲ್ಲರ ಕಣ್ಣಿಗೆ ಬರುವುದು ಕೆನೆಬಣ್ಣಕ್ಕೆ ಕಸವಿನ, ಅಂದರೆ ಚಿನ್ನದ ಬಣ್ಣದ ಜರಿಯ ಅಂಚು. ಓಣಂಗೂ ಅದೇ, ಕೇರಳ ರಾಜ್ಯ ಹುಟ್ಟಿದ ದಿನವಾದ ನವೆಂಬರ್ 1ರ ಕೇರಳ ಪಿರವಿಗೂ ಅದೇ. ಚಂದದ ಸೀರೆ, ನಾನೂ ಉಡುತ್ತೇನೆ. ಆದರೆ ಗಾಢ ಬಣ್ಣ, ಪಟ್ಟೆ, ಚೌಕುಳಿ ಇರುವ ನಮ್ಮ ಸೀರೆಯೂ ಕೇರಳದ್ದೇ, ಹಾಗೆಯೇ ಅದರ ರುಚಿ ಕನ್ನಡ ಕರಾವಳಿಯದ್ದು. 1956ರ ಆ ದಿನ ಗಡಿ ಎಲ್ಲಿಗೆ ಬಂದರೂ ಈ ಸೀರೆ ಎರಡೂ ಕಡೆಗೆ ಸೇರಿದ್ದು. ನಮ್ಮ ಜಿಲ್ಲೆಯ ಶಾಲೆಗಳಲ್ಲಿ ವರ್ಷಕ್ಕೆ ಒಂದು ದಿನವಾದರೂ ಟೀಚರುಗಳು ಇದನ್ನು ಉಡಬೇಕೆಂದು ನನ್ನ ಆಸೆ. ಮುಂದಿನ ಕ್ರಿಸ್ಮಸ್ಸಿಗೆ ಗ್ರೂಪಿನಲ್ಲಿ ನಾನೇ ಹೇಳುವವಳಿದ್ದೇನೆ. ಕೆಂಪೇ ಬೇಕಾದರೆ ಇದರಲ್ಲಿ ಕುಂಕುಮ, ಬೀಟ್‌ರೂಟ್, ಇಟ್ಟಿಗೆ ಎಲ್ಲ ಕೆಂಪೂ ಉಂಟು. ಬೆಲೆ ಹೆಚ್ಚು, ನಿಜ. ಆದರೆ ಒಂದೇ ದಿನ ಉಟ್ಟು ಮೂಲೆಗೆ ಹಾಕುವ 650ರ ಸೀರೆಯನ್ನು ನಾಲ್ಕು ವರ್ಷ ತರಿಸಿದರೆ ಎಷ್ಟಾಯಿತು?

ಸೀರೆಯ ಜೊತೆಗೆ ಈ ರಜೆಯಲ್ಲಿ ನನಗೆ ಬೇಕೇ ಬೇಕಾದವು ಇನ್ನು ಎರಡೇ. ಒಂದು ಮೊಣಕೈವರೆಗೆ ತೋಳಿನ ಕಪ್ಪು ಖಾದಿ ರವಿಕೆ. ಬೆಳಗ್ಗಿನ ಚಳಿಗೆ ತೋಳು ಮುಚ್ಚಿದರೆ ಸಾಕು, ಸ್ವೆಟರ್ ಬೇಡ, ಯಾವ ಸೀರೆಗೂ ಹೊಂದುತ್ತದೆ. ಇನ್ನೊಂದು ಅಪ್ಪನ ಬೈರಾಸು. ಅಗಲ ಕೆಂಪು ಅಂಚಿನ ಬಿಳಿ ಬೈರಾಸು, ಒಗೆದು ಒಗೆದು ರೇಷ್ಮೆಯ ಹಾಗೆ ಆಗಿದೆ. ಧನುಮಾಸದ ಬೆಳಗಿನ ಜಾವದ ಧನುಪೂಜೆಗೆ ಐದು ಗಂಟೆಗೆ ಮನೆಯಿಂದ ಇಳಿಯುವಾಗ ಮಂಡೆಗೆ ಇಬ್ಬನಿ ಬೀಳದ ಹಾಗೆ ಅದನ್ನೇ ಹೊದೆಯುವುದು. ಯಕ್ಷಗಾನ ಬಯಲಾಟಕ್ಕೆ ಹೋದರೂ ಅದೇ, ವೇಷ ಕಟ್ಟುವ ಚೌಕಿಯ ಹತ್ತಿರ ನಿಂತು ಚಹಾ ಕುಡಿಯುವಾಗ ಬಿಸಿ ಗ್ಲಾಸು ಹಿಡಿಯಲಿಕ್ಕೂ ಅದೇ. ಗಲ್ಫಿನಿಂದ ಬಂದ ದಪ್ಪ ಉಣ್ಣೆಯ ಸ್ವೆಟರ್ ಒಂದು ಮನೆಯಲ್ಲಿದೆ, ಪ್ರೀತಿಯಿಂದ ಕೊಟ್ಟದ್ದು. ಅದನ್ನು ಬೆಂಗಳೂರಿನಲ್ಲಿ ಓದುವ ಮಗಳಿಗೆ ಕೊಟ್ಟಿದ್ದೇನೆ, ಅಲ್ಲಿ ಅದಕ್ಕೆ ಕೆಲಸ ಉಂಟು.

ಅವಳು ನಿನ್ನೆ ಬೆಳಿಗ್ಗೆ ರೈಲಿನಲ್ಲಿ ಬಂದಳು. ಹಿತ್ತಿಲಲ್ಲಿ ನಾನು ಸೀರೆ ಹರವುತ್ತಿದ್ದಾಗ ಬ್ಯಾಗ್ ಜಗಲಿಯಲ್ಲಿಟ್ಟು ನೇರ ಬಂದು ಇನ್ನೊಂದು ತುದಿ ಹಿಡಿದಳು. ಹೇಳಿಕೊಡದೆಯೇ ಬಿಗಿಯಾಗಿ ಎಳೆದಳು. ಕ್ರಿಸ್ಮಸ್ ದಿನ ನೆರೆಕರೆಯ ಬಾಯಮ್ಮನ ಮನೆಗೆ ಹೋಗುವುದು ನಮ್ಮ ವಾಡಿಕೆ. ಅವರು ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ ತಟ್ಟೆ ಕೊಡುತ್ತಾರೆ, ನಾವು ತೋಟದ ಬಾಳೆಗೊನೆ ಒಯ್ಯುತ್ತೇವೆ. "ಅಮ್ಮ, ಅವತ್ತು ಕುಂಕುಮದ್ದು ನಾನು ಉಡಲಾ?" ಅಂತ ಕೇಳಿದ್ದಾಳೆ. ಹಿಮ್ಮಡಿಯ ಹತ್ತಿರ ಅಜ್ಜಿಯ ಹೊಲಿಗೆ ಇದೆ, ಚಪ್ಪಲಿಗೆ ಸಿಕ್ಕದ ಹಾಗೆ ಒಂದು ಬೆರಳು ಮೇಲೆ ಉಡಬೇಕು ಎಂದು ಹೇಳಿದ್ದೇನೆ.